ಉಣ್ಣದ ಹುಡುಗಿಗೆ ಶಾಬಾಸ್‌ಗಿರಿ

ನಮ್ಮ ಮನೆಯಲ್ಲಿ ಹೊಟ್ಟೆತುಂಬ ಉಂಡವರನ್ನು ಯಾರಾದರೂ ಹೊಗಳಿದ್ದು ನನಗೆ ನೆನಪಿಲ್ಲ. ಉಣ್ಣದವರನ್ನು ಹೊಗಳಿದ್ದು ಮಾತ್ರ ಬೇಕಾದಷ್ಟು ನೆನಪಿದೆ. ಸೋಮವಾರ ಆಯಿಯ ಉಪವಾಸ, ಶನಿವಾರ ಅಪ್ಪನ ಒಪ್ಪತ್ತು, ಏಕಾದಶಿಗೆ ಇಬ್ಬರದೂ. ಆಯಿ ಎಂದರೆ ಅಪ್ಪನ ತಾಯಿ, ಮನೆಯ ಯಜಮಾನಿಕೆ ಆಕೆಯದೇ. ಆಕೆ ಹನಿ ನೀರೂ ಮುಟ್ಟದೆ ಕೂತ ದಿನ ಓಣಿಯ ಹೆಂಗಸರು ಬಂದು ಕಾಲಿಗೆ ನಮಸ್ಕರಿಸಿ ಹೋಗುತ್ತಿದ್ದರು. ಎರಡನೆಯ ರೊಟ್ಟಿಗೆ ಕೈ ಚಾಚುತ್ತಿದ್ದ ನನಗೆ ಹೊಟ್ಟಿಬಾಕಿ ಎಂದು ಹೆಸರಾಗಿತ್ತು. ಇದನ್ನೆಲ್ಲ ಈಗಲೂ ಮದುವೆ ಮುಂಜಿಗಳಲ್ಲಿ ನಗುತ್ತ ನೆನೆಸಿಕೊಳ್ಳುವ ನೆಂಟರಿದ್ದಾರೆ. ನನಗೆ ನಗು ಬರುವುದಿಲ್ಲ. ಇವರೆಲ್ಲ ಸೇರಿ ಹೊಗಳಿ ಹೊಗಳಿ ನನ್ನ ಅಕ್ಕನನ್ನು ಸಾವಿನ ಬಾಗಿಲವರೆಗೆ ಕಳಿಸಿದ್ದರು ಎಂಬುದು ಅವರಿಗೆ ಮರೆತುಹೋಗಿದೆ, ಅಥವಾ ಮರೆತವರ ಹಾಗೆ ಇದ್ದಾರೆ.

ಧಾರವಾಡದ ಹಳೆಯ ಓಣಿಯೊಂದರಲ್ಲಿತ್ತು ಆ ಮನೆ. ರಸ್ತೆಗೆ ತೆರೆದುಕೊಂಡ ಮುಂದಿನ ಕೋಣೆ ಅಪ್ಪನ ಹೊಲಿಗೆ ಅಂಗಡಿ. ಅದನ್ನು ದಾಟಿದರೆ ಪಡಸಾಲೆ, ಆಮೇಲೆ ಅಡುಗೆಮನೆ, ಹಿಂದೆ ಬಚ್ಚಲು ಮತ್ತು ಬಟ್ಟೆ ಒಣಹಾಕುವಷ್ಟು ಹಿತ್ತಲು. ಅಪ್ಪ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದ. ಊರವರಿಗೆಲ್ಲ ಆತ ಮಾಸ್ತರ. ಹೊಲಿದು, ಗುಂಡಿ ಹಚ್ಚಿ, ಇಸ್ತ್ರಿ ಮಾಡಿಟ್ಟ ಅಂಗಿಯ ಕಾಲರನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಬಿಚ್ಚಲು ಕೂಡುತ್ತಿದ್ದ. ಗಿರಾಕಿ ಎದುರಿಗೇ ಕಾಯುತ್ತ ನಿಂತಿದ್ದರೂ ಅಷ್ಟೆ. ಚೆನ್ನಾಗೇ ಇದೆಯಲ್ಲ, ಕೊಟ್ಟುಬಿಡಿ ಎಂದು ಅವರು ಬೇಡಿಕೊಂಡರೆ ಅಪ್ಪನದು ಒಂದೇ ಉತ್ತರ.

"ನಿಮಗ ಕಾಣೂದಿಲ್ಲರಿ. ನನಗ ಕಾಣತೈತಿ."

ಆಯಿಯದೂ ಅದೇ ಜಾತಿಯ ಕಣ್ಣು. ಅಡುಗೆಮನೆಯ ಡಬ್ಬಿಗಳು ಎತ್ತರದ ಪ್ರಕಾರ ನಿಲ್ಲಬೇಕು, ಬೇಳೆ ಆರಿಸಿದ ಮೇಲೆ ಮತ್ತೊಮ್ಮೆ ಆರಿಸಬೇಕು, ಅವ್ವ ಬಡಿದ ರೊಟ್ಟಿಯ ಅಂಚು ಸೀಳಿದರೆ ಆ ರೊಟ್ಟಿ ಅವ್ವನ ಪಾಲಿಗೇ. ಅಕ್ಕ ಸುನಂದಾ ಶಾಲೆಯ ಬರಹದಲ್ಲಿ ಒಂದು ಅಕ್ಷರದ ಮಸಿ ಹರಡಿದರೂ ಹಾಳೆ ಹರಿದು ಮೊದಲಿನಿಂದ ಬರೆಯುತ್ತಿದ್ದಳು. ನಾನೇನು ಬೇರೆಯಲ್ಲ. ಬಾಗಿಲ ಮುಂದಿನ ರಂಗೋಲಿಯ ಒಂದು ಚುಕ್ಕಿ ಸಾಲು ತಪ್ಪಿದರೆ ಇಡೀ ಅಂಗಳಕ್ಕೆ ಮತ್ತೆ ನೀರು ಹೊಡೆದು ಶುರು ಮಾಡುತ್ತಿದ್ದೆ, ಶಾಲೆಗೆ ತಡವಾಗಿ ಪೆಟ್ಟು ತಿನ್ನುತ್ತಿದ್ದೆ. ಇದು ನಮ್ಮ ಮನೆತನದ ಗುಣ, ಇದರಿಂದಲೇ ನಮಗೆ ಮರ್ಯಾದೆ ಎಂದು ನಾವೆಲ್ಲ ನಂಬಿದ್ದೆವು. ಸಂಜೆ ಅಂಗಡಿ ಮುಚ್ಚಿ ಬಂದ ಅಪ್ಪ ಒಂದು ಹೊಲಿಗೆ ಸೊಟ್ಟಗಾಯಿತೆಂದು ತಾಟಿನ ಮುಂದೆ ಮುಖ ತಿರುವಿಕೊಂಡು ಕೂತರೆ, ಅದನ್ನೂ ಗುಣವೆಂದೇ ಕರೆಯುತ್ತಿದ್ದೆವು.

ಅಕ್ಕ ಒಂಬತ್ತನೆಯ ತರಗತಿಯಲ್ಲಿದ್ದಾಗ, ನನಗೆ ಹತ್ತು ವರ್ಷವಾಗಿದ್ದಾಗ, ಉಪ್ಪಿನಬೆಟಗೇರಿಯಲ್ಲಿ ಅವ್ವನ ಅಪ್ಪನಿಗೆ ಲಕ್ವಾ ಹೊಡೆಯಿತು. ಆತನಿಗೆ ಗಂಡುಮಕ್ಕಳಿರಲಿಲ್ಲ, ಹೆಂಡತಿ ತೀರಿಹೋಗಿದ್ದಳು. ಹದಿನೈದು ದಿನವೆಂದು ಹೇಳಿ ಹೋದ ಅವ್ವ ತಿರುಗಿ ಬಂದದ್ದು ಏಳು ತಿಂಗಳಿಗೆ. ಆ ಏಳು ತಿಂಗಳು ನಮ್ಮ ಮನೆಯ ಅಡುಗೆ ಹದಿನಾಲ್ಕು ವರ್ಷದ ಹುಡುಗಿಯ ತಲೆಯ ಮೇಲೆ ಬಿತ್ತು. ಬಿತ್ತು ಎಂದರೆ ತಾನಾಗಿ ಬಿದ್ದಂತೆ ಕೇಳಿಸುತ್ತದೆ, ಹೊರಿಸಿದರು. ಆಯಿಗೆ ಮೊಣಕಾಲು ನೋವು. ಅಪ್ಪನಿಗೆ ಒಲೆಯ ಹತ್ತಿರ ಹೋಗಿ ಗೊತ್ತೇ ಇಲ್ಲ. ಅಕ್ಕ ನಸುಕಿನಲ್ಲಿ ಎದ್ದು ನೀರು ತುಂಬಿ, ರೊಟ್ಟಿ ಬಡಿದು, ಪಲ್ಯ ಮಾಡಿ, ನನ್ನ ಜಡೆ ಹೆಣೆದು, ತಾನು ಶಾಲೆಗೆ ಓಡಿ, ಸಂಜೆ ಮತ್ತೆ ಅದನ್ನೇ ಮಾಡುತ್ತಿದ್ದಳು. ರೊಟ್ಟಿ ಆಯಿಯ ರೊಟ್ಟಿಗಿಂತ ದುಂಡಗೆ ಬರುತ್ತಿದ್ದವು. ಪರೀಕ್ಷೆಯಲ್ಲಿ ತರಗತಿಗೆ ಮೊದಲನೆಯವಳೂ ಆಕೆಯೇ. ನಮಗೆಲ್ಲ ನೀಡಿ, ಪಾತ್ರೆ ತೊಳೆದು, ಕಟ್ಟಕಡೆಗೆ ತಾನು ತಾಟಿನ ಮುಂದೆ ಕೂತಂತೆ ಮಾಡಿ ಏಳುತ್ತಿದ್ದಳು. ನನ್ನ ತಾಟಿಗೆ ಆಕೆಯ ಪಾಲಿನದು ಬಂದು ಬೀಳುತ್ತಿತ್ತು. ಹೊಟ್ಟಿಬಾಕಿಯಾದ ನಾನು ತಿನ್ನುತ್ತಿದ್ದೆ. ಇದನ್ನು ಬರೆಯುವಾಗ ನನಗೆ ನನ್ನ ಮೇಲೂ ಸಿಟ್ಟು ಬರುತ್ತದೆ, ಹತ್ತು ವರ್ಷದವಳ ಮೇಲೆ ಸಿಟ್ಟು ಮಾಡಿ ಏನು ಬಂತು ಎಂದು ತಿಳಿದಿದ್ದರೂ.

ಆಯಿ ಮಾತ್ರ ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಹೇಳುತ್ತಿದ್ದಳು.

"ನಮ್ಮ ಸುನಂದಾಗ ಹಸಿವು ಅನ್ನೂದ ಗೊತ್ತಿಲ್ಲ ನೋಡ್ರಿ. ಎಲ್ಲಾರಿಗೂ ನೀಡಿ ಉಳಿದ್ರ ಉಂಡಾಳು, ಇಲ್ಲಾಂದ್ರ ಇಲ್ಲ. ಥೇಟ ನಮ್ಮ ಗಂಗಾನ ಹಂಗ."

ಗಂಗಾ ಎಂದರೆ ಅಪ್ಪನ ಅಕ್ಕ. ಪಡಸಾಲೆಯ ಗೋಡೆಯ ಮೇಲೆ ಆಕೆಯ ಫೋಟೋ ಇತ್ತು, ಗಂಧದ ಮಾಲೆ ಹಾಕಿತ್ತು. ನಮ್ಮವರು ಇನ್ನೂ ಮುಗದ ಎಂಬ ಹಳ್ಳಿಯಲ್ಲಿದ್ದಾಗ, ಮದುವೆಯಾಗುವ ಮೊದಲೇ, ಹದಿನೇಳನೆಯ ವಯಸ್ಸಿಗೆ ತೀರಿಕೊಂಡಳಂತೆ. ಆಕೆ ದೊಡ್ಡ ಭಕ್ತೆ, ವ್ರತ ಹಿಡಿದು ಅನ್ನ ಬಿಟ್ಟಳು, ದೇವರು ಕರೆದುಕೊಂಡ ಎಂದು ನಮಗೆ ಹೇಳಿದ್ದರು. ಪರೀಕ್ಷೆಯ ದಿನ ಬೆಳಿಗ್ಗೆ ಆ ಫೋಟೋಕ್ಕೆ ಕೈಮುಗಿದೇ ಹೊರಡಬೇಕು. ಆಕೆಯ ಹಾಗೆ ಇದ್ದೀ ಎನ್ನಿಸಿಕೊಳ್ಳುವುದು ನಮ್ಮ ಮನೆಯಲ್ಲಿ ಒಂದು ಹುಡುಗಿಗೆ ಸಿಗಬಹುದಾದ ಎಲ್ಲಕ್ಕಿಂತ ದೊಡ್ಡ ಬಹುಮಾನ.

ಆ ಜೂನ್ ತಿಂಗಳಲ್ಲಿ ಅಪ್ಪ ಹೊಸ ಸಮವಸ್ತ್ರಕ್ಕೆ ನಮ್ಮಿಬ್ಬರ ಅಳತೆ ತೆಗೆದುಕೊಂಡ. ಪಟ್ಟಿ ಹಿಡಿದು ಆತ ಹೇಳುವುದು, ನಾನು ಅಳತೆಯ ಪುಸ್ತಕದಲ್ಲಿ ಬರೆಯುವುದು ಪ್ರತಿ ವರ್ಷದ ರೂಢಿ. ಅಕ್ಕನ ಎತ್ತರ ಹೆಚ್ಚಾಗಿತ್ತು. ಸೊಂಟದ ಅಳತೆ ಹೋದ ವರ್ಷಕ್ಕಿಂತ ಕಡಿಮೆ ಬಂತು. ಅಪ್ಪ ಪಟ್ಟಿ ಬಿಟ್ಟು ಮತ್ತೆ ಹಿಡಿದ. ಅಷ್ಟೇ ಬಂತು. ಹಳೆಯ ಪುಟ ತೆಗೆಸಿ ನೋಡಿದ.

"ಹ್ವಾದ ವರ್ಷ ನಾನ ತಪ್ಪು ಬರಸೇನಿ. ಅದನ್ನ ಹೊಡದ ಹಾಕು."

ನಾನು ಹೊಡೆದು ಹಾಕಿದೆ. ಇಡೀ ಬಾಳಿನಲ್ಲಿ ಒಂದು ನೂಲು ತಪ್ಪು ಒಪ್ಪಿಕೊಳ್ಳದ ಮನುಷ್ಯ ಅವತ್ತು ಮಗಳನ್ನು ಕಣ್ಣೆತ್ತಿ ನೋಡುವುದಕ್ಕಿಂತ ತಾನೇ ತಪ್ಪಿದೆ ಎನ್ನುವುದು ಸುಲಭ ಎಂದುಕೊಂಡ. ಅಂಗಡಿಯ ಬೆಳಕಿನಲ್ಲಿ ಅಕ್ಕ ಕೈ ಅಗಲಿಸಿ ನಿಂತೇ ಇದ್ದಳು. ಆಕೆಯ ಮುಖದಲ್ಲಿ ಸಂತೋಷವಿತ್ತೋ ಹೆದರಿಕೆಯಿತ್ತೋ, ನನಗೆ ಆಗ ಗೊತ್ತಾಗಲಿಲ್ಲ.

ತಾತ ತೀರಿಕೊಂಡ ಮೇಲೆ ಅವ್ವ ಬಂದಳು. ಹೊಸ್ತಿಲಲ್ಲಿ ಚೀಲ ಇಳಿಸಿ ಅಕ್ಕನನ್ನು ನೋಡಿದವಳು ಒಳಗೆ ಬರದೆ ಅಲ್ಲೇ ಕೂತುಬಿಟ್ಟಳು. ಆವತ್ತಿನಿಂದ ಶುರುವಾದ ಜಗಳ ಮೂರು ವರ್ಷ ನಿಲ್ಲಲಿಲ್ಲ. ಹುಡುಗಿ ಸೊರಗಿದ್ದಾಳೆ, ಯಾರೂ ಕಾಣಲಿಲ್ಲವೇ ಎಂದು ಅವ್ವ. ತವರಿನಲ್ಲಿ ಕೂತು ಬಂದವಳಿಗೆ ಈಗ ಮಗಳ ನೆನಪಾಯಿತೇ ಎಂದು ಆಯಿ. ಜಗಳ ಜೋರಾದಾಗಲೆಲ್ಲ ಅಕ್ಕ ಎದ್ದು ಹೋಗಿ ಆಗಲೇ ತೊಳೆದಿಟ್ಟ ಪಾತ್ರೆಗಳನ್ನು ಮತ್ತೆ ತೊಳೆಯುತ್ತಿದ್ದಳು. ಅವ್ವ ಎದುರು ಕೂಡಿಸಿಕೊಂಡು ಉಣಿಸಲು ನೋಡಿದರೆ ಇವತ್ತು ಸೋಮವಾರ, ಇವತ್ತು ಸಂಕಷ್ಟಿ, ಇವತ್ತು ನನ್ನದೊಂದು ವ್ರತ ಎಂದು ಒಂದೊಂದು ದಿನಕ್ಕೆ ಒಂದೊಂದು ಕಾರಣ. ವ್ರತ ಎಂದ ಮೇಲೆ ಅವ್ವ ಸೋಲಲೇಬೇಕು. ಆ ಮನೆಯಲ್ಲಿ ದೇವರ ಹೆಸರಿನ ಮುಂದೆ ತಾಯಿಯ ಮಾತು ನಡೆಯುತ್ತಿರಲಿಲ್ಲ.

ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನ ಅಕ್ಕ ಶಾಲೆಗೇ ಮೊದಲನೆಯವಳು. ಮನೆಯಲ್ಲಿ ಹೋಳಿಗೆ ಮಾಡಿದ್ದರು. ಗಣಿತದಲ್ಲಿ ಎರಡು ಅಂಕ ಕಡಿಮೆ ಬಂದಿದ್ದವು. ಅಪ್ಪ ಅಂಕಪಟ್ಟಿ ಬೆಳಕಿಗೆ ಹಿಡಿದು ನೋಡಿ, ನಗುತ್ತಲೇ ಕೇಳಿದ.

"ಆ ಎರಡು ಎಲ್ಲಿ ಹ್ವಾದುವು?"

ಆತ ಚೇಷ್ಟೆಗೆ ಅಂದದ್ದೆಂದು ಇವತ್ತಿಗೂ ಹೇಳುತ್ತಾನೆ. ಇರಬಹುದು. ಅಕ್ಕ ಹೋಳಿಗೆ ಮುಟ್ಟಲಿಲ್ಲ. ಆಮೇಲಿನ ದಿನಗಳಲ್ಲಿ ಇನ್ನೂ ಎಷ್ಟನ್ನೋ ಮುಟ್ಟಲಿಲ್ಲ. ಒಮ್ಮೆ ಹಿತ್ತಲಲ್ಲಿ ಬಟ್ಟೆ ಹಿಂಡುತ್ತ ನಾನೇ ಕೇಳಿದೆ, ನಿನಗೆ ಹಸಿವಾಗುವುದಿಲ್ಲವೇ ಎಂದು. ಯಾರಿಗೂ ಹೇಳಬೇಡ ಎಂದು ಮಾತು ತೆಗೆದುಕೊಂಡು ಹೇಳಿದಳು.

"ಆಗತೈತಿ, ರೇಖಾ. ಭಾಳ ಆಗತೈತಿ. ಉಂಡ್ರ ಏನೋ ತಪ್ಪು ಮಾಡಿದಂಗ ಅನಸ್ತೈತಿ. ಬಿಚ್ಚಿ ಮತ್ತ ಹೊಲಿಯಾಕ ಬರದಂಥಾ ತಪ್ಪು."

ಈ ಮಾತು ನಾನು ಯಾರಿಗೂ ಹೇಳಲಿಲ್ಲ. ಮಾತು ಉಳಿಸಿಕೊಂಡೆ ಎಂದು ಹೆಮ್ಮೆ ಬೇರೆ ಪಟ್ಟೆ.

ಕಾಲೇಜಿನ ಎರಡನೆಯ ವರ್ಷ ಅಕ್ಕ ಮೆಟ್ಟಿಲ ಮೇಲೆ ತಲೆಸುತ್ತಿ ಬಿದ್ದಳು. ಜೊತೆಯ ಹುಡುಗಿಯರು ಆಟೋದಲ್ಲಿ ಕರೆತಂದು ಬಿಟ್ಟರು. ಒಬ್ಬ ಡಾಕ್ಟರು ಟಾನಿಕ್ ಬರೆದುಕೊಟ್ಟರು. ಇನ್ನೊಬ್ಬರು, ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ ಎಂದರು. ತಿನ್ನದ ಹುಡುಗಿಗೆ ಗಂಡನನ್ನು ತಂದು ಕೊಟ್ಟರೆ ಅನ್ನ ಹೇಗೆ ಗಂಟಲಲ್ಲಿ ಇಳಿಯುತ್ತದೆ ಎಂದು ಅವರನ್ನು ಯಾರೂ ಕೇಳಲಿಲ್ಲ. ಆಯಿ ತಾಯತ ಕಟ್ಟಿಸಿದಳು. ಚಳಿಗಾಲವಲ್ಲದಿದ್ದರೂ ಅಕ್ಕ ಸ್ವೆಟರ್ ಹಾಕಿಕೊಂಡು ಓದುತ್ತ ಕೂಡುತ್ತಿದ್ದಳು, ಬಾಚಣಿಗೆಯ ತುಂಬ ಕೂದಲು ಬರುತ್ತಿತ್ತು. ಹೊಲಿಸಿಕೊಳ್ಳಲು ಬಂದ ಶಾಲೆಯ ಶಿಕ್ಷಕಿಯೊಬ್ಬರು ಆಕೆಯನ್ನು ನೋಡಿ, ಇದು ಮನಸ್ಸಿನ ಕಾಯಿಲೆ, ಹುಬ್ಬಳ್ಳಿಯಲ್ಲಿ ಒಬ್ಬ ಮಹಿಳಾ ಡಾಕ್ಟರಿದ್ದಾರೆ ಎಂದು ವಿಳಾಸ ಬರೆದುಕೊಟ್ಟರು. ಅಪ್ಪ ಆ ಚೀಟಿಯನ್ನು ಅಳತೆಯ ಪುಸ್ತಕದೊಳಗೆ ಇಟ್ಟು ಸುಮ್ಮನಾದ. ಹುಚ್ಚರ ಡಾಕ್ಟರ ಕಡೆ ಹೋದರೆ ಮುಂದೆ ಇಬ್ಬರು ಹೆಣ್ಣುಮಕ್ಕಳನ್ನು ಯಾರು ಕೇಳುತ್ತಾರೆ ಎಂಬುದು ಆತನ ವಾದ. ಎರಡು ವಾರ ಕಾದ ಅವ್ವ ಒಂದು ಬೆಳಿಗ್ಗೆ ಚೀಟಿ ಹುಡುಕಿ ತೆಗೆದು, ಚಪ್ಪಲಿ ಮೆಟ್ಟಿ ಅಂಗಡಿಯ ನಡುವೆ ಬಂದು ನಿಂತಳು. ಗಿರಾಕಿಗಳ ಎದುರು ಗಂಡನ ಜೊತೆ ಆಕೆ ಮಾತಾಡಿದ್ದು ನಾನು ಕಂಡಂತೆ ಅದೇ ಮೊದಲು.

"ನೀವು ಬರ್ರಿ, ಬ್ಯಾಡಾದ್ರ ಬಿಡ್ರಿ. ನಾ ಕರಕೊಂಡ ಹೊಂಟೇನಿ."

ಕಡೆಗೆ ಎಲ್ಲರೂ ಹೊರಟೆವು. ಸೊಸೆ ಡಾಕ್ಟರ ಮುಂದೆ ಏನೇನು ಹೇಳುತ್ತಾಳೋ ಎಂದು ಆಯಿಯೂ ಬಸ್ ಹತ್ತಿದಳು.

ಡಾಕ್ಟರು ಅಕ್ಕ ಒಬ್ಬಳನ್ನೇ ಕೂಡಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಆಮೇಲೆ ನಮ್ಮನ್ನೆಲ್ಲ ಒಳಗೆ ಕರೆದು ಒಂದೊಂದೇ ಕೇಳುತ್ತ ಹೋದರು. ಮನೆತನದಲ್ಲಿ ಮೊದಲು ಯಾರಾದರೂ ಹೀಗೆ ಊಟ ಬಿಟ್ಟವರಿದ್ದರೇ ಎಂಬ ಪ್ರಶ್ನೆಗೆ ಆಯಿ ಅರೆಗಳಿಗೆಯೂ ಯೋಚಿಸದೆ, ಇಲ್ಲ, ಯಾರೂ ಇಲ್ಲ, ನಮ್ಮದು ಛಲೋ ಮನೆತನ ಎಂದಳು. ನನಗೆ ಆಗ ಹದಿನಾಲ್ಕು. ಎಲ್ಲಿಂದ ಬಂತೋ ಧೈರ್ಯ, ಬಾಯಿ ಬಿಟ್ಟೆ.

"ಗಂಗತ್ತಿ ಇದ್ಲಲ್ಲಾ. ಆಕಿನೂ ಹಿಂಗ ಸತ್ತಿದ್ಲು."

ಆಯಿ ನನ್ನ ತೋಳನ್ನು ಚಿವುಟಿ ಹಿಡಿದಳು. ಆ ಗುರುತು ವಾರದವರೆಗೆ ಇತ್ತು. ಡಾಕ್ಟರು ಮಾತ್ರ ಪೆನ್ನು ಕೆಳಗಿಟ್ಟು, ಅಜ್ಜಿಯವರೇ ಹೇಳಲಿ, ಅವಸರವಿಲ್ಲ ಎಂದು ಕಾಯುತ್ತ ಕೂತರು. ಆಯಿಯ ಹಿಡಿತ ಮೆಲ್ಲಗೆ ಸಡಿಲಾಯಿತು. ನಾಲ್ಕೈದು ದಶಕ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ನೆಲ ನೋಡುತ್ತ ಹೇಳಿದ್ದನ್ನು ನಾನು ಇಲ್ಲಿ ಕೂಡಿಸಿ ಬರೆಯುತ್ತೇನೆ. ಕಡೆಯ ಮಗು, ಅಂದರೆ ನಮ್ಮ ಕಾಕಾ, ಹುಟ್ಟಿದ ಮೇಲೆ ಆಯಿ ಬಾಣಂತಿ ರೋಗದಿಂದ ಹಾಸಿಗೆ ಹಿಡಿದಳು. ಹದಿನಾರರ ಗಂಗಾ ಕೂಸನ್ನೂ ಮನೆಯನ್ನೂ ಎಮ್ಮೆಯನ್ನೂ ನೋಡಿಕೊಂಡಳು. ಊರಿನಲ್ಲಿ ಆಕೆಯಂಥ ಅಚ್ಚುಕಟ್ಟಿನ ಹುಡುಗಿ ಇರಲಿಲ್ಲವಂತೆ. ಹೊಲಿದ ಕೌದಿಯ ಹೊಲಿಗೆ ಮನಸ್ಸಿಗೆ ಬರದಿದ್ದರೆ ಪೂರಾ ಬಿಚ್ಚುತ್ತಿದ್ದಳಂತೆ. ಗೊತ್ತಾಗಿದ್ದ ಸಂಬಂಧವೊಂದು ಮುರಿದುಬಿತ್ತು. ಅದರ ಮರುವಾರದಿಂದ ಅನ್ನ ಬಿಟ್ಟಳು. ಜನ ಕಾರಣ ಕೇಳಿದಾಗ ಆಕೆಯ ಅಪ್ಪ, ಅಂದರೆ ನಮ್ಮ ಅಜ್ಜ, ಮರ್ಯಾದೆಗೆ ಹೆದರಿ, ವ್ರತ ಹಿಡಿದಿದ್ದಾಳೆ ಎಂದುಬಿಟ್ಟ.

"ಮಂದಿ ಆಕಿ ಕಾಲ ಮುಗಿಯಾಕ ಬರ್ತಿದ್ರು, ಅವ್ವಾರ. ಅಂಥಾದ್ದರಾಗ ನಾ ಉಣ್ಣು ಅಂತ ಹ್ಯಾಂಗ ಅನ್ನಲಿ?"

ಅಪ್ಪ ಎದ್ದು ಕಿಟಕಿಯ ಹತ್ತಿರ ಹೋದ. ಗಂಗಾ ಸತ್ತಾಗ ಆತನಿಗೆ ಏಳು ವರ್ಷ. ತನ್ನ ಅಕ್ಕ ದೇವರಾದಳೆಂದು ನಂಬಿಕೊಂಡೇ ಆತ ಮುದುಕನಾಗುತ್ತ ಬಂದಿದ್ದ, ಅದನ್ನೇ ತನ್ನ ಮಕ್ಕಳಿಗೂ ಕಲಿಸಿದ್ದ. ಡಾಕ್ಟರು ಆಯಿಯನ್ನು ಬೈಯಲಿಲ್ಲ. ಅಪ್ಪನನ್ನೂ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ನೋಡ್ರಿ, ಎಲ್ಲಾ ಒಂದ ಕೂದಲೂ ತಪ್ಪದಂಗ ಇರಬೇಕು ಅನ್ನೋ ಸ್ವಭಾವ ಮನೆತನದಾಗ ಇಳಿದು ಬರಬಹುದು. ಈ ಬ್ಯಾನಿಯ ಒಲವೂ ಅದರ ಜೋಡಿ ಬರಬಹುದು. ಆದ್ರ ಆ ಸ್ವಭಾವ ಇದ್ದವರಿಗೆಲ್ಲಾ ಬ್ಯಾನಿ ಆಗೂದಿಲ್ಲ. ಯಾವ ವಯಸ್ಸಿನಾಗ ಎಷ್ಟು ಭಾರ ಬಿತ್ತು, ಆವಾಗ ಸುತ್ತಲಿನವರು ಏನಂದ್ರು, ಅದೂ ಕೂಡತದ. ಎಷ್ಟು ಅದು, ಎಷ್ಟು ಇದು ಅಂತ ತೂಗಿ ಹೇಳಾಕ ನನಗೂ ಬರೂದಿಲ್ಲ."

ಇಷ್ಟು ಸರಳವಾದ ಮಾತನ್ನು ನಮ್ಮವರು ಹೇಗೆ ತಿರುಚಿದರು ಎಂಬುದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಆಸ್ಪತ್ರೆಯ ಮೆಟ್ಟಿಲು ಇಳಿಯುವುದರೊಳಗೆ ಆಯಿ, ರಕ್ತದಲ್ಲೇ ಇದೆ ಎಂದು ಡಾಕ್ಟರೇ ಹೇಳಿದರಲ್ಲ, ನಾವು ಮಾಡುವುದೇನಿದೆ ಎನ್ನತೊಡಗಿದ್ದಳು. ಅರ್ಧಗಂಟೆ ಮೊದಲು ಇಲ್ಲವೇ ಇಲ್ಲ ಎಂದ ರಕ್ತದ ಹಿಂದೆ ಈಗ ಬಚ್ಚಿಟ್ಟುಕೊಂಡಳು. ನೆಂಟರಲ್ಲಿ ಇನ್ನೊಂದು ಪಕ್ಷ ಹುಟ್ಟಿತು. ತಾಯಿ ಬಿಟ್ಟು ಹೋದದ್ದಕ್ಕೇ ಹುಡುಗಿ ಹೀಗಾದಳು ಎಂದು ಅವರು ಅವ್ವನ ಮುಖಕ್ಕೇ ಹೇಳಿದರು. ಸಾಯುತ್ತಿದ್ದ ಅಪ್ಪನ ಬಾಯಿಗೆ ನೀರು ಬಿಡಲು ಹೋದವಳು ತಪ್ಪಿತಸ್ಥೆ, ಮನೆಯಲ್ಲೇ ಇದ್ದು ದಿನವೂ ಆ ತಾಟನ್ನು ನೋಡಿದವರು ನಿರಪರಾಧಿಗಳು. ಅವ್ವ ಹೋದ ಏಳು ತಿಂಗಳಲ್ಲೇ ಎಲ್ಲವೂ ಹುಟ್ಟಿದ್ದಾದರೆ ಮುಗದದಲ್ಲಿ ಗಂಗತ್ತಿ ಸತ್ತದ್ದು ಯಾರು ಬಿಟ್ಟು ಹೋದದ್ದಕ್ಕೆ? ಎಲ್ಲವೂ ರಕ್ತದ್ದೇ ಆದರೆ ಅದೇ ರಕ್ತ ನನ್ನ ಮೈಯಲ್ಲೂ ಹರಿಯುತ್ತಿದೆಯಲ್ಲ, ಚುಕ್ಕಿ ತಪ್ಪಿದರೆ ಅಂಗಳ ತೊಳೆಯುತ್ತಿದ್ದವಳು ನಾನೂ ಅಲ್ಲವೇ? ನಾನು ಗಟ್ಟಿಗಿತ್ತಿ ಎಂದು ಉಳಿಯಲಿಲ್ಲ. ಬಹುಶಃ ಅಕ್ಕನಿಗೆ ಇಳಿದು ಬಂದದ್ದೆಲ್ಲ ನನಗೆ ಬಂದಿರಲಿಕ್ಕಿಲ್ಲ. ಬಂದಿದ್ದರೂ ಹತ್ತನೆಯ ವಯಸ್ಸಿನಲ್ಲಿ ನನ್ನ ತಲೆಯ ಮೇಲೆ ಮನೆ ಬೀಳಲಿಲ್ಲ, ಉಪವಾಸಕ್ಕೆ ನನ್ನನ್ನು ಯಾರೂ ಹೊಗಳಲಿಲ್ಲ. ರಕ್ತದ್ದೂ ಮನೆಯವರದೂ, ಎರಡೂ ಭಾರ ಅಕ್ಕ ಒಬ್ಬಳ ಮೇಲೇ ಬಿದ್ದವು. ಮೊದಲನೆಯದನ್ನು ಯಾರಿಂದಲೂ ತಡೆಯಲಾಗುತ್ತಿರಲಿಲ್ಲ. ಎರಡನೆಯದನ್ನು ತಡೆಯಬಹುದಿತ್ತು. ನನ್ನ ಸಿಟ್ಟು ಇರುವುದು ಅದಕ್ಕೆ.

ಅಕ್ಕ ಐದು ವಾರ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಳು. ಮನೆಗೆ ಬಂದ ಮೇಲೆ ಆಕೆ ಒಬ್ಬಳೇ ಉಣ್ಣಬಾರದು, ಜೊತೆಗೆ ಯಾರಾದರೂ ಕೂತು ತಾವೂ ಉಣ್ಣಬೇಕು, ಊಟದ ಹೊತ್ತಿನಲ್ಲಿ ಊಟದ ಮಾತು ಎತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಬೆಳಿಗ್ಗೆ ಮತ್ತು ಸಂಜೆ ಅವ್ವ ಕೂಡುತ್ತಿದ್ದಳು. ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದು ಅಪ್ಪ ಬಂದು ಕೂಡುತ್ತಿದ್ದ. ಆತನಿಗೆ ಮಾತು ಬರುತ್ತಿರಲಿಲ್ಲ. ಯಾರ ಲಂಗ ಉದ್ದವಾಯಿತು, ಯಾರ ಹುಡುಗ ಚಡ್ಡಿ ಹರಿದುಕೊಂಡ ಎಂದು ಏನೇನೋ ಹೇಳುತ್ತ, ಅಕ್ಕನ ತಾಟು ನೋಡದಂತೆ ಕಷ್ಟಪಟ್ಟು ಗೋಡೆ ನೋಡುತ್ತ ರೊಟ್ಟಿ ಮುರಿಯುತ್ತಿದ್ದ. ಒಂದೊಂದು ಊಟಕ್ಕೆ ಒಂದು ತಾಸು ಹಿಡಿಯುತ್ತಿತ್ತು. ಅಕ್ಕ ಅತ್ತ ದಿನಗಳಿದ್ದವು, ತಾಟು ತಳ್ಳಿದ ದಿನಗಳಿದ್ದವು, ಅವ್ವನ ಮೇಲೆ ಕೂಗಾಡಿದ ದಿನಗಳೂ ಇದ್ದವು. ಒಂದು ಸೋಮವಾರ ಆಯಿ ಅಭ್ಯಾಸಬಲದಿಂದ, ಹುಡುಗಿಯ ನೇಮವನ್ನೆಲ್ಲ ಕೆಡಿಸಿದಿರಿ ಎಂದು ಗೊಣಗಿದಳು. ತಾಯಿಗೆ ಎದುರಾಡದ ಅಪ್ಪ ಕೈಯಲ್ಲಿದ್ದ ತುತ್ತು ಕೆಳಗಿಟ್ಟ.

"ಎವ್ವಾ, ಒಬ್ಬಾಕಿನ್ನ ಫೋಟೋ ಮಾಡಿ ಗ್ವಾಡಿಗೆ ಹಾಕೇವಿ. ಸಾಕು."

ಆಯಿ ಬದುಕಿರುವವರೆಗೆ ಮತ್ತೆ ಆ ಮಾತು ಎತ್ತಲಿಲ್ಲ. ತನ್ನ ಸೋಮವಾರಗಳನ್ನು ಬಿಡಲಿಲ್ಲ, ಆದರೆ ನಮಸ್ಕಾರಕ್ಕೆ ಬಂದವರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸತೊಡಗಿದಳು.

ಅಕ್ಕ ಗುಣವಾದಳು ಎಂದು ಬರೆದು ಮುಗಿಸಲು ನನ್ನಿಂದಾಗದು. ಒಂದು ವರ್ಷ ಕಳೆದುಕೊಂಡು ಪದವಿ ಮುಗಿಸಿದಳು, ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದಳು. ನಡುವೆ ಒಮ್ಮೆ ಕಾಯಿಲೆ ಮರಳಿತು, ಮತ್ತೆ ಹುಬ್ಬಳ್ಳಿಯ ಬಸ್ಸು ಹತ್ತಿದೆವು. ಕೆಲವು ದಿನ ಈಗಲೂ ಆಕೆಗೆ ಊಟವೆಂಬುದು ಏರು ಹತ್ತಿದಂತೆ. ಜನರ ನಡುವೆ ಪಂಕ್ತಿಯಲ್ಲಿ ಕೂಡಬೇಕಾದರೆ ಇನ್ನೂ ಕಷ್ಟ. ಅದಕ್ಕೇ ಮನೆಯ ಕಾರ್ಯಗಳಲ್ಲಿ ಬಡಿಸುವ ಕೆಲಸ ತಾನೇ ಕೇಳಿ ತೆಗೆದುಕೊಳ್ಳುತ್ತಿದ್ದಳು, ನಾವೂ ಒತ್ತಾಯ ಮಾಡುತ್ತಿರಲಿಲ್ಲ.

ಆಯಿ ಹೋಗಿ ಎರಡು ವರ್ಷದ ಮೇಲೆ ನನ್ನ ಮದುವೆಯ ನಿಶ್ಚಯವಾಯಿತು. ಊಟ ನಮ್ಮ ಪಡಸಾಲೆಯಲ್ಲೇ. ಗಬ್ಬೂರಿನಿಂದ ಕಾಕಾ, ಕಾಕು, ಅವರ ಹನ್ನೆರಡು ವರ್ಷದ ಮಗಳು ಪಲ್ಲವಿ ಬಂದಿದ್ದರು. ಪಲ್ಲವಿ ಅರ್ಧ ಚಪಾತಿ ಮುಗಿಸಿ, ಉಳಿದದ್ದನ್ನು ತಾಟಿನ ಅಂಚಿಗೆ ಅಚ್ಚುಕಟ್ಟಾಗಿ ಜೋಡಿಸಿ ಏಳಲು ನೋಡುತ್ತಿದ್ದಳು. ಮಗಳು ಇಷ್ಟೇ ತಿನ್ನುವುದು, ಪುಸ್ತಕ ಹಿಡಿದರೆ ಊಟದ ನೆನಪೇ ಇರುವುದಿಲ್ಲ, ಕ್ಲಾಸಿಗೆ ಮೊದಲನೆಯವಳು ಎಂದು ಕಾಕು ಹಿಗ್ಗಿನಿಂದ ಹೇಳಿದಳು. ಪಂಕ್ತಿಯ ಹೆಂಗಸರು ತಲೆದೂಗಿದರು. ಒಬ್ಬಳಂತೂ ಥೇಟ ಸುನಂದಾನ ಹಂಗ ಎಂದೇ ಬಿಟ್ಟಳು. ಬಾಯಿ ತೆರೆದರೆ ನನ್ನ ನಿಶ್ಚಯವೇ ಮುರಿಯುವಂಥ ಮಾತು ಹೊರಬರುತ್ತಿತ್ತು.

ಅಷ್ಟರಲ್ಲಿ ಅಕ್ಕ ಸಾರಿನ ಪಾತ್ರೆ ನೆಲಕ್ಕಿಟ್ಟಳು. ಗಂಡಿನ ಕಡೆಯವರು, ನಮ್ಮವರು, ಎಲ್ಲರೂ ಇದ್ದರು.

"ಕಾಕು, ಅದನ್ನ ಹೊಗಳಬ್ಯಾಡ್ರಿ. ಹಿಂಗ ಹೊಗಳಿಸಿಕೊಂಡ ನಾ ಸಾಯೂದರಾಗ ಇದ್ದೆ. ಗಂಗತ್ತಿ ಸತ್ತೇ ಹ್ವಾದ್ಲು."

ದನಿ ಏರಿಸಲಿಲ್ಲ. ನನ್ನ ಮಾವನಾಗಬೇಕಾದವರು ತಾಟಿನ ಮೇಲೆ ಕೈಯಿಟ್ಟು ಹಾಗೇ ಕೂತರು. ಅಕ್ಕ ಒಂದು ತಾಟು ತೆಗೆದುಕೊಂಡು ಪಲ್ಲವಿಯ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತಳು. ಅವ್ವ ಬಂದು ಆಕೆಗೆ ನೀಡಿದಳು. ಯಾವ ಪುಸ್ತಕ ಓದುತ್ತಿದ್ದೀ ಎಂದು ಅಕ್ಕ ಹುಡುಗಿಯನ್ನು ಕೇಳಿದಳು, ಹುಡುಗಿ ಹೇಳತೊಡಗಿದಳು. ಇಷ್ಟು ಜನರ ಕಣ್ಣೆದುರು ಅಕ್ಕ ಚಪಾತಿಯ ಒಂದು ತುಣುಕು ಮುರಿದು, ಪಲ್ಯ ಹಚ್ಚಿ, ಬಾಯಿಗಿಟ್ಟು, ಮೆಲ್ಲಗೆ ಅಗಿದು ನುಂಗಿದಳು. ಆಮೇಲೆ ಇನ್ನೊಂದು ತುಣುಕು ಮುರಿದಳು.